ಕ್ಯಾಂಪಿಂಗಿಗೆ ಅಗ್ಗದ ಟಾರ್ಚ್ ಬೇಕೇ? ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ಕೊನೆಗೆ ನೋಡಿ

ಅಗ್ಗದ ಎಲ್‌ಇಡಿ ಟಾರ್ಚಿನ ಡಬ್ಬ ಕೈಗೆತ್ತಿಕೊಂಡರೆ ಹತ್ತು ಸಾವಿರ ಲುಮೆನ್, ಒಂದು ಕಿಲೋಮೀಟರ್ ದೂರ, ಐದು ಮೋಡ್ ಅಂತೆಲ್ಲ ಬರೆದಿರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಡಬ್ಬ, 300 ಲುಮೆನ್ ಅಂತಷ್ಟೇ ಬರೆದುಕೊಂಡು ಸುಮ್ನೆ ಕೂತಿರುತ್ತದೆ. ಬೆಲೆ ಹೆಚ್ಚುಕಡಿಮೆ ಒಂದೇ. ಕೈ ಯಾವುದರ ಕಡೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಆದರೆ ಟೆಂಟಿನಲ್ಲಿ ರಾತ್ರಿ ಕಳೆಯುವವರಿಗೆ ಒದಗಿ ಬರುವುದು ಬಹುಪಾಲು ಆ ಎರಡನೆಯದೇ. ಯಾಕೆ, ಮತ್ತೆ ದುಡ್ಡು ಕೊಡುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು, ಟಾರ್ಚಿನಿಂದ ಆಗಬೇಕಾದ ಕೆಲಸ ಏನು ಅಂತ ಯೋಚಿಸಿ

ಕ್ಯಾಂಪಿನಲ್ಲಿ ಟಾರ್ಚ್ ಯಾವಾಗೆಲ್ಲ ಬೇಕಾಗುತ್ತದೆ? ಕತ್ತಲಾದ ಮೇಲೆ ಟೆಂಟಿನ ಗೂಟ ಬಡಿಯುವಾಗ. ಒಲೆ ಹಚ್ಚುವಾಗ, ಪಾತ್ರೆ ತೊಳೆಯುವಾಗ. ಚೀಲದ ತಳ ಸೇರಿಕೊಂಡ ಕಾಲುಚೀಲ ಹುಡುಕುವಾಗ. ನಡುರಾತ್ರಿ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸದೆ ಹೊರಗೆ ಹೋಗಿ ಬರುವಾಗ. ಇವೆಲ್ಲ ಕೈಗೆಟಕುವ ದೂರದಿಂದ ಹಿಡಿದು ಹತ್ತು ಮೀಟರಿನೊಳಗೆ ಮುಗಿಯುವ ಕೆಲಸಗಳು. ದೂರದ ಮರದ ತುದಿಗೆ ಬೆಳಕು ಬಿಡುವ ಪ್ರಸಂಗ ಬರುವುದೇ ಅಪರೂಪ, ಬಂದರೂ ಅದು ಬಹಳ ಸಲ ಮೋಜಿಗೆ.

ಲುಮೆನ್ ಅಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಹಳೆಯ 60 ವಾಟಿನ ಬಲ್ಬು ಇಡೀ ಕೋಣೆಗೆ ಕೊಡುತ್ತಿದ್ದದ್ದು ಸುಮಾರು 800 ಲುಮೆನ್. ಟೆಂಟಿನ ಒಳಗೆ 1ರಿಂದ 10 ಲುಮೆನ್ ಧಾರಾಳವಾಯಿತು. ಅಡುಗೆಗೆ, ಟೆಂಟಿನ ಸುತ್ತ ಓಡಾಡಲು 30ರಿಂದ 100. ಕತ್ತಲಲ್ಲಿ ಕಲ್ಲುಮುಳ್ಳಿನ ಕಾಲುದಾರಿ ಹಿಡಿದು ನಡೆಯಬೇಕಾದರೆ 150ರಿಂದ 300 ಇದ್ದರೆ ನಿಶ್ಚಿಂತೆ. ಅದಕ್ಕಿಂತ ಜಾಸ್ತಿ ಇದ್ದರೆ ಬೇಡ ಅನ್ನುವುದಿಲ್ಲ, ಆದರೆ ಅದಕ್ಕಾಗಿ ಬೇರೆ ಏನನ್ನೂ ಬಿಟ್ಟುಕೊಡಬೇಡಿ.

ಇಲ್ಲೇ ಇನ್ನೊಂದು ಮಾತು. ಮೇಲಿನ ಪಟ್ಟಿಯಲ್ಲಿ ಎರಡೂ ಕೈ ಬೇಕಾಗುವ ಕೆಲಸ ಎಷ್ಟಿವೆ ನೋಡಿ. ಒಂದೇ ಒಂದು ಟಾರ್ಚ್ ಕೊಳ್ಳುವಷ್ಟು ದುಡ್ಡಿದ್ದರೆ ತಲೆಗೆ ಕಟ್ಟುವ ಹೆಡ್‌ಲ್ಯಾಂಪನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಹಗ್ಗದ ಗಂಟು ಹಾಕುವ ಸರ್ಕಸ್ಸು ಅದರಿಂದ ತಪ್ಪುತ್ತದೆ. ಮುಂದೆ ಹೇಳುವ ವಿಷಯಗಳೆಲ್ಲ ಎರಡಕ್ಕೂ ಅನ್ವಯಿಸುತ್ತವೆ.

ಎರಡನೆಯದು, ಡಬ್ಬದ ಮೇಲಿನ ಅಂಕಿಗಳನ್ನು ಓದುವ ಬಗೆ

ಟಾರ್ಚುಗಳನ್ನು ಅಳೆಯಲು ಎಫ್‌ಎಲ್1 ಅಂತ ಒಂದು ಮಾನದಂಡ ಇದೆ, 2009ರಲ್ಲಿ ಬಂದದ್ದು. ಅದನ್ನು ಪಾಲಿಸುವವರು ಡಬ್ಬದ ಮೇಲೆ ಬೆಳಕು, ದೂರ, ಎಷ್ಟು ಹೊತ್ತು ಉರಿಯುತ್ತದೆ, ನೀರು ತಡೆಯುತ್ತದೆಯೇ, ಬಿದ್ದರೆ ತಾಳುತ್ತದೆಯೇ ಅನ್ನುವುದಕ್ಕೆ ಚಿಕ್ಕ ಚಿಕ್ಕ ಚಿತ್ರ ಹಾಕಿರುತ್ತಾರೆ. ಆ ಚಿತ್ರಗಳಿದ್ದ ಮಾತ್ರಕ್ಕೆ ಅಂಕಿ ನಿಜ ಅಂತ ಅಲ್ಲ, ಹಾಕಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಆದರೆ ಪ್ರತಿ ಮೋಡಿಗೂ ಬೇರೆ ಬೇರೆಯಾಗಿ ಲುಮೆನ್ ಮತ್ತು ಗಂಟೆ ಕೊಟ್ಟಿದ್ದರೆ ಆ ತಯಾರಕರು ಕೂತು ಅಳತೆ ಮಾಡಿರುವ ಸಾಧ್ಯತೆ ಜಾಸ್ತಿ.

ನಿಜವಾದ ಅಂಕಿಯಲ್ಲೂ ಎರಡು ಕಡೆ ನಾವು ಮೋಸ ಹೋಗುತ್ತೇವೆ. ಒಂದು, ದೂರ. 100 ಮೀಟರ್ ಅಂತ ಬರೆದಿದ್ದರೆ, ಅಷ್ಟು ದೂರದಲ್ಲಿ ಬೆಳಕು 0.25 ಲಕ್ಸಿಗೆ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿದಿರುತ್ತದೆ ಅಂತ ಅರ್ಥ. ಅಂದರೆ ಮೋಡವಿಲ್ಲದ ಹುಣ್ಣಿಮೆ ರಾತ್ರಿಯ ಬೆಳಕಿನಷ್ಟು. ಅಲ್ಲಿ ಏನೋ ನಿಂತಿದೆ ಅಂತ ತಿಳಿದೀತು, ಏನು ಅಂತ ಹೇಳುವುದು ಕಷ್ಟ. ಬರೆದಿರುವ ದೂರದ ಮೂರನೇ ಒಂದು ಪಾಲನ್ನು ಕೆಲಸಕ್ಕೆ ಬರುವ ದೂರ ಅಂತ ಇಟ್ಟುಕೊಳ್ಳಿ. ಮತ್ತೆ, ದೂರ ಎರಡು ಪಟ್ಟಾಗಬೇಕಾದರೆ ಬೆಳಕಿನ ಕೋಲು ನಾಲ್ಕು ಪಟ್ಟು ತೀಕ್ಷ್ಣವಾಗಬೇಕು. ಹಾಗಾಗಿ 500 ಲುಮೆನ್ನಿನದು 250ರದಕ್ಕಿಂತ ಎರಡು ಪಟ್ಟು ದೂರ ಹೋಗುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಕಣ್ಣಿಗೂ ಅದು ಎರಡು ಪಟ್ಟು ಪ್ರಕಾಶವಾಗಿ ಕಾಣುವುದಿಲ್ಲ.

ಇನ್ನೊಂದು, ಗಂಟೆಗಳು. ಈ ಮಾನದಂಡದಲ್ಲಿ ಉರಿಯುವ ಅವಧಿ ಅಂದರೆ, ಹೊತ್ತಿಸಿ ಅರ್ಧ ನಿಮಿಷವಾದಾಗ ಇದ್ದ ಬೆಳಕು ಅದರ ನೂರಕ್ಕೆ 10ಕ್ಕೆ ಇಳಿಯುವವರೆಗಿನ ಹೊತ್ತು. 300 ಲುಮೆನ್, 8 ಗಂಟೆ ಅಂತ ಬರೆದಿದ್ದನ್ನು ನೋಡಿ ಎಂಟು ಗಂಟೆಯೂ 300 ಇರುತ್ತದೆ ಅಂದುಕೊಂಡರೆ ಕೆಟ್ಟಿರಿ. ಸ್ವಲ್ಪ ಹೊತ್ತಿಗೇ ಬಿಸಿಯಾಗಿ ತಾನೇ ಬೆಳಕು ತಗ್ಗಿಸಿಕೊಂಡು, ಉಳಿದ ಹೊತ್ತೆಲ್ಲ 40, 50ರಲ್ಲಿ ಎಳೆದರೂ ಲೆಕ್ಕಕ್ಕೆ ಅದು ಎಂಟು ಗಂಟೆಯೇ.

ಮೂರನೆಯದು ಸೆಲ್ಲು, ಇದೇ ಮುಖ್ಯ

ಟಾರ್ಚಿನ ಬಗ್ಗೆ ಒಂದೇ ಒಂದು ಲೆಕ್ಕ ಕಲಿಯಬೇಕಾದರೆ ಇದನ್ನು ಕಲಿಯಿರಿ. ಅಗ್ಗದ ಟಾರ್ಚಿನಲ್ಲಿ, ಒಳಗಿನ ಸೋರಿಕೆ ಎಲ್ಲ ಕಳೆದು, ಒಂದು ವಾಟಿಗೆ ಸುಮಾರು 100 ಲುಮೆನ್ ಬರುತ್ತದೆ ಅಂತ ಇಟ್ಟುಕೊಳ್ಳಿ. 18650 ಅಂತ ಕರೆಯುವ ಲಿಥಿಯಂ ಸೆಲ್ಲು (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು) 3,000 ಮಿಲಿಆಂಪ್ ಅವರಿನದಾದರೆ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು) ಅದರಲ್ಲಿ ಇರುವುದು ಸುಮಾರು 10.8 ವಾಟ್ ಅವರ್, ಅಂದರೆ ಒಂದು ವಾಟನ್ನು 10.8 ಗಂಟೆ ಕೊಡುವಷ್ಟು ಶಕ್ತಿ. ಅಂದರೆ 100 ಲುಮೆನ್ನಿನಲ್ಲಿ ಹೆಚ್ಚುಕಡಿಮೆ ಹತ್ತು ಗಂಟೆ, 1,000 ಲುಮೆನ್ನಿನಲ್ಲಿ ಒಂದೇ ಗಂಟೆ. ಈಗ ಆ ಹತ್ತು ಸಾವಿರದ ಡಬ್ಬಕ್ಕೆ ಬನ್ನಿ. ಅಷ್ಟು ಬೆಳಕಿಗೆ 100 ವಾಟ್ ಬೇಕು. ಒಂದೇ ಸೆಲ್ಲು ಅದನ್ನು ಕೊಡಬೇಕಾದರೆ 25 ಆಂಪಿಗಿಂತ ಜಾಸ್ತಿ ಕರೆಂಟು ಎಳೆಯಬೇಕು, ಕೊಟ್ಟರೂ ಆ ಗೇಣುದ್ದದ ಟಾರ್ಚನ್ನು ಕೈಯಲ್ಲಿ ಹಿಡಿಯಲಾರದಷ್ಟು ಕಾಯುತ್ತದೆ. ಡಬ್ಬದ ಮೇಲಿನ ಅಂಕಿಯನ್ನು 100ರಿಂದ ಭಾಗಿಸಿ, ಬಂದ ವಾಟು ಆ ಸೈಜಿಗೆ ಹೊಂದುತ್ತದೆಯೇ ಅಂತ ನೋಡಿದರೆ ಸಾಕು, ಸುಳ್ಳಿನಲ್ಲಿ ಅರ್ಧಕ್ಕರ್ಧ ಅಲ್ಲೇ ಸಿಕ್ಕಿಬೀಳುತ್ತದೆ.

ಸೆಲ್ಲಿನ ಮೇಲೂ ಸುಳ್ಳು ಬರೆಯುತ್ತಾರೆ. 18650 ಗಾತ್ರದ ಸೆಲ್ಲಿನಲ್ಲಿ ಸಾಮಾನ್ಯವಾಗಿ ಹಿಡಿಯುವುದು 2,500ರಿಂದ 3,500 ಮಿಲಿಆಂಪ್ ಅವರ್. 9,900 ಅಂತ ಹೊಳೆಯುವ ಅಕ್ಷರದಲ್ಲಿ ಬರೆದಿದ್ದರೆ ನಂಬಬೇಡಿ. ಅನುಮಾನ ಬಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ, ಒಳ್ಳೆಯ ಸೆಲ್ಲು 45 ಗ್ರಾಮಿನ ಆಸುಪಾಸು ತೂಗುತ್ತದೆ. ಅದಕ್ಕಿಂತ ತೀರಾ ಹಗುರಾಗಿದ್ದರೆ ಒಳಗೆ ಸರಕೇ ಕಡಿಮೆ.

ಹಾಗಾದರೆ ಯಾವ ಸೆಲ್ಲಿನ ಟಾರ್ಚ್ ಒಳ್ಳೆಯದು? ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಎಎ, ಅಂದರೆ ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಆ ಸೆಲ್ಲಿನದು ಸುಲಭ. ಎಲ್ಲಿ ಬೇಕಾದರೂ ಸಿಗುತ್ತದೆ, ಜೇಬಿನಲ್ಲಿ ಎರಡು ಹೆಚ್ಚಿಗೆ ಇಟ್ಟುಕೊಳ್ಳಬಹುದು. ರೀಚಾರ್ಜ್ ಮಾಡುವ 2,000 ಮಿಲಿಆಂಪ್ ಅವರಿನ ಒಂದು ಎಎ ಸೆಲ್ಲಿನಲ್ಲಿ 2.4 ವಾಟ್ ಅವರ್ ಇರುತ್ತದೆ, 80 ಲುಮೆನ್ನಿಗೆ ಮೂರು ಗಂಟೆ ಬಂತು. ಕಡಿಮೆ ಅನ್ನಿಸಬಹುದು, ಆದರೆ 10 ಲುಮೆನ್ನಿನಲ್ಲಿ ಉರಿಸಿದರೆ ಒಂದು ದಿನ ಪೂರ್ತಿ. ರಿಮೋಟಿಗೆ ಹಾಕುವ ಸಣ್ಣ ಎಎಎ ಸೆಲ್ಲು ಮೂರು ಹಿಡಿಸುವ ಪ್ಲಾಸ್ಟಿಕ್ ತೊಟ್ಟಿಲಿನ ಟಾರ್ಚುಗಳು ನನಗೆ ಹಿಡಿಸುವುದಿಲ್ಲ. ಮೂರು ಸೆಲ್ಲಿನಲ್ಲಿ ಒಂದು ಸೋತರೂ ಎಲ್ಲವೂ ಕೂತುಬಿಡುತ್ತದೆ, ಆ ತೊಟ್ಟಿಲಿನ ತೆಳು ಸ್ಪ್ರಿಂಗು ಕತ್ತಲಲ್ಲೇ ಜಾರುತ್ತದೆ. ಅಗ್ಗದ ಹೆಡ್‌ಲ್ಯಾಂಪುಗಳಲ್ಲಿ ಮಾತ್ರ ಇದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ತುಂಬ ಚಳಿಯ ಜಾಗಕ್ಕೆ ಹೋಗುವುದಾದರೆ ಮಾಮೂಲಿ ಆಲ್ಕಲೈನ್ ಸೆಲ್ಲು ಬೇಗ ಸೋಲುತ್ತದೆ. ಎಎ ಸೈಜಿನಲ್ಲೇ ಸಿಗುವ, ಒಂದು ಸಲ ಬಳಸಿ ಬಿಡುವ ಲಿಥಿಯಂ ಸೆಲ್ಲು ಚಳಿಗೆ ಚೆನ್ನಾಗಿ ತಾಳುತ್ತದೆ, ಹಗುರ ಕೂಡ. ದುಬಾರಿ, ಅದೊಂದೇ ತೊಂದರೆ.

ಒಳಗೇ ಚಾರ್ಜ್ ಆಗುವ ಟಾರ್ಚಾದರೆ ಎರಡು ಪ್ರಶ್ನೆ ಕೇಳಿ. ಸೆಲ್ಲು ಹೊರತೆಗೆಯಲು ಬರುತ್ತದೆಯೇ? ಬರದಿದ್ದರೆ ಸೆಲ್ಲು ಸತ್ತ ದಿನ ಟಾರ್ಚೂ ಸತ್ತ ಹಾಗೆ. ಮತ್ತೆ, ಎರಡೂ ತುದಿ ಯುಎಸ್‌ಬಿ-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುತ್ತದೆಯೇ? ಎಷ್ಟೋ ಅಗ್ಗದ ಟಾರ್ಚುಗಳಲ್ಲಿ ತೂತು ಮಾತ್ರ ಸಿ ಆಕಾರದ್ದು, ಚಾರ್ಜರಿಗೆ ಸುಳಿವು ಕೊಡುವ ಎರಡು ಪುಟ್ಟ ರೆಸಿಸ್ಟರುಗಳನ್ನು ಒಳಗೆ ಹಾಕಿರುವುದಿಲ್ಲ. ಅಂಥವು ಹಳೆಯ ಚಪ್ಪಟೆ ತುದಿಯ ಕೇಬಲ್ಲಿನಲ್ಲಿ ಮಾತ್ರ ಚಾರ್ಜ್ ಆಗುತ್ತವೆ. ಹೊಸ ಚಾರ್ಜರ್ ಒಂದನ್ನೇ ನಂಬಿಕೊಂಡು ಹೋದರೆ ಪರದಾಟ.

ಮೋಡು ಮತ್ತು ಸ್ವಿಚ್ಚು

ಅತಿ ಮಂದ ಮೋಡು ಎಷ್ಟು ಮಂದ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ್ದು ಇದನ್ನೇ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಟೆಂಟಿನೊಳಗೆ 100 ಲುಮೆನ್ ಹೊತ್ತಿಸಿದಿರೋ, ಅಷ್ಟೂ ಒಂದು ಕ್ಷಣದಲ್ಲಿ ಹೋಯಿತು, ಜೊತೆಗೆ ಮಲಗಿದ್ದವರ ಬೈಗುಳ ಬೇರೆ. 5 ಲುಮೆನ್ನಿಗಿಂತ ಕೆಳಗಿನ ಮೋಡು ಇರಲಿ. ಕೆಂಪು ಬೆಳಕು ಇದ್ದರೆ ಇನ್ನೂ ಒಳ್ಳೆಯದು, ಮಂದ ಕೆಂಪಿಗೆ ಕತ್ತಲಿಗೆ ಒಗ್ಗಿದ ಕಣ್ಣು ಅಷ್ಟು ಬೇಗ ಕೆಡುವುದಿಲ್ಲ, ಹುಳುಗಳೂ ಕಡಿಮೆ ಮುತ್ತುತ್ತವೆ.

ಒತ್ತಿದ ಕೂಡಲೇ ಮಂದ ಮೋಡೇ ಬರಬೇಕು, ಅಥವಾ ಹೋದ ಸಲ ಬಿಟ್ಟಲ್ಲಿಂದ ಶುರುವಾಗಬೇಕು. ಪ್ರತಿ ಸಲ ಫುಲ್ ಬೆಳಕು, ನಂತರ ಮಧ್ಯಮ, ನಂತರ ಮಂದ, ಆಮೇಲೆ ಕಣ್ಣು ಕುಕ್ಕುವ ಸ್ಟ್ರೋಬ್, ಅದಾದ ಮೇಲೆ ಅಪಾಯದ ಸಂಕೇತವಾಗಿ ಮಿನುಗುವ ಎಸ್‌ಒಎಸ್, ಇಷ್ಟನ್ನೂ ದಾಟಿದರೆ ಮಾತ್ರ ಆಫ್ ಆಗುವ ಟಾರ್ಚುಗಳಿವೆ. ಇವನ್ನು ಮಾಡಿದವರು ಟೆಂಟಿನಲ್ಲಿ ಮಲಗಿದ್ದು ಅನುಮಾನ. ಬಹಳ ಹೊತ್ತು ಒತ್ತಿ ಹಿಡಿದರೆ ನೇರವಾಗಿ ಆಫ್ ಆಗುವ ಹಾಗಿದ್ದರೆ ಪರವಾಗಿಲ್ಲ.

ಚೀಲದಲ್ಲಿ ತಾನಾಗಿ ಹೊತ್ತಿಕೊಳ್ಳುವುದನ್ನು ತಡೆಯಲು ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಕೆಲವು ಟಾರ್ಚುಗಳಲ್ಲಿ ಅಷ್ಟಕ್ಕೇ ಕರೆಂಟು ಕಡಿದುಹೋಗುತ್ತದೆ. ಆಗದಿದ್ದರೆ ಒಂದು ಸೆಲ್ಲು ತೆಗೆದಿಟ್ಟುಕೊಂಡು ಹೋಗಿ.

ಬೆಳಕಿನ ಬಣ್ಣ, ಆಕಾರ, ನೀರು

ಡಬ್ಬದ ಮೇಲೆ 6,500 ಕೆಲ್ವಿನ್ ಅಂತಿದ್ದರೆ ನೀಲಿ ಛಾಯೆಯ ಬಿಳಿ, 4,000ದ ಆಸುಪಾಸು ಇದ್ದರೆ ಹದವಾದ ಬಿಳಿ, 3,000 ಅಂದರೆ ಹಳದಿ. ಅಗ್ಗದವು ಬಹುಪಾಲು ಮೊದಲನೆಯ ಗುಂಪಿನವು, ಯಾಕೆಂದರೆ ಅಷ್ಟೇ ಕರೆಂಟಿಗೆ ಜಾಸ್ತಿ ಲುಮೆನ್ ತೋರಿಸಬಹುದು. ಆದರೆ ಆ ಬೆಳಕಿನಲ್ಲಿ ಒಣ ಎಲೆಗಳ ಮೇಲೆ ಬಿದ್ದ ಕಂದು ಹಗ್ಗ ಎಲೆಗಳ ಜೊತೆ ಬೆರೆತುಹೋಗುತ್ತದೆ, ಅಂಗೈ ಹಿಡಿದರೆ ರಕ್ತವೇ ಇಲ್ಲದ ಹಾಗೆ ಕಾಣುತ್ತದೆ. ಬೆಲೆ ಒಂದೇ ಆದರೆ 4,000ದಿಂದ 5,000ದ ಒಳಗಿನದನ್ನು ಆರಿಸಿ.

ಲೆನ್ಸ್ ಮುಂದೆ ಹಿಂದೆ ಎಳೆದು ಜೂಮ್ ಮಾಡುವವು ಅಂಗಡಿಯಲ್ಲಿ ಚೆಂದ. ಕ್ಯಾಂಪಿನಲ್ಲಿ ಆ ಜಾರುವ ಕುತ್ತಿಗೆಯಿಂದಲೇ ನೀರು, ಮರಳು ಒಳಗೆ ಹೋಗುತ್ತವೆ. ಅಂಚಿನಲ್ಲಿ ಮೆಲ್ಲಗೆ ಕರಗುವ ಅಗಲ ಬೆಳಕೇ ನಡೆಯಲು ಹಿತ.

ನೀರಿಗೆ ಐಪಿಎಕ್ಸ್4 ಅಂದರೆ ಎಲ್ಲ ದಿಕ್ಕಿನಿಂದ ಚಿಮ್ಮುವ ನೀರಿಗೆ ತಡೆ, ಮಳೆಗೆ ಸಾಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತೊಂದರೆಯಿಲ್ಲ. ಅಗ್ಗದ ಟಾರ್ಚಿಗೆ ಮೊದಲನೆಯದನ್ನು ಕೇಳಿದರೆ ಸಾಕು.

ತಂದ ಮೇಲೆ, ಹೊರಡುವ ಮೊದಲು

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮಾಡಿಬಿಡಿ. ಮೊದಲು ಹೊತ್ತಿಸಿಕೊಂಡೇ ಅಲ್ಲಾಡಿಸಿ, ಅಂಗೈಗೆ ಬಡಿಯಿರಿ. ಮಿಣುಕಿದರೆ ಸ್ಪ್ರಿಂಗು ಸರಿಯಿಲ್ಲ. ಮಂದ ಮೋಡಿನಲ್ಲಿ ಬೆರಳುಗಳನ್ನು ಬೆಳಕಿನ ಮುಂದೆ ಜೋರಾಗಿ ಬೀಸಿ, ಬೆರಳು ತುಂಡುತುಂಡಾಗಿ ಕಂಡರೆ ಬೆಳಕು ಒಂದೇ ಸಮ ಇಲ್ಲ, ಬೇಗ ಬೇಗ ಹತ್ತಿ ಆರುತ್ತಿದೆ ಅಂತ. ಓದಲು ಕೂತರೆ ಅದು ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಬಾಲದ ಮುಚ್ಚಳ ಬಿಚ್ಚಿ ತಿರುಪಿನ ಸುತ್ತುಗಳ ಮೇಲೆ ಬೆರಳು ಆಡಿಸಿ, ಒಳಗೆ ರಬ್ಬರ್ ಉಂಗುರ ಇರಬೇಕು, ಅದು ಕಿತ್ತಿರಬಾರದು, ತಿರುಚಿರಬಾರದು. ಸಿಲಿಕೋನ್ ಗ್ರೀಸ್ ಕೈಯಲ್ಲಿದ್ದರೆ ಆ ಉಂಗುರಕ್ಕೆ ಸ್ವಲ್ಪ ಸವರಿ.

ಆಮೇಲೆ ಸೆಲ್ಲು ತುಂಬಿಸಿ, ಮಧ್ಯಮ ಮೋಡಿನಲ್ಲಿ ಹೊತ್ತಿಸಿ, ಬಿಳಿ ಗೋಡೆಗೆ ತಿರುಗಿಸಿಟ್ಟು ಗಂಟೆ ಬರೆದುಕೊಳ್ಳಿ. ನೀವು ಎಚ್ಚರ ಇರುವ ಹೊತ್ತಿನಲ್ಲಿ ಮಾಡಿ. ಆಗಾಗ ಬಂದು ಅದೇ ಗೋಡೆಯ ಎದುರು ಪುಸ್ತಕ ಹಿಡಿದು ನೋಡಿ, ಓದಲು ಕಷ್ಟವಾಗುವ ಹೊತ್ತೇ ನಿಮ್ಮ ಪಾಲಿನ ನಿಜವಾದ ಅವಧಿ. ಲಿಥಿಯಂ ಸೆಲ್ಲಾದರೆ ಬೆಳಕು ತೀರಾ ಇಳಿದ ಕೂಡಲೇ ಆರಿಸಿ. ಕೆಲವು ಅಗ್ಗದ ಟಾರ್ಚುಗಳು ಸೆಲ್ಲನ್ನು ತಡೆಯಿಲ್ಲದೆ ಹೀರಿಬಿಡುತ್ತವೆ, 2.5 ವೋಲ್ಟಿಗಿಂತ ಕೆಳಗೆ ಹೋದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ.

ಟೆಂಟಿಗೆ ಬೇರೆ ಲಾಂದ್ರ ಕೊಳ್ಳುವ ಮೊದಲು ಒಂದು ಉಪಾಯ ಮಾಡಿ ನೋಡಿ. ಹೆಡ್‌ಲ್ಯಾಂಪನ್ನು ನೀರು ತುಂಬಿದ, ಬೆಳ್ಳಗೆ ಮಬ್ಬಾದ ಪ್ಲಾಸ್ಟಿಕ್ ಕ್ಯಾನಿಗೆ ಒಳಮುಖವಾಗಿ ಕಟ್ಟಿದರೆ ಇಡೀ ಕ್ಯಾನೇ ಬೆಳಗುತ್ತದೆ, 50 ಲುಮೆನ್ನಿನಲ್ಲಿ ನಾಲ್ಕು ಜನ ಸುತ್ತ ಕೂತು ಊಟ ಮಾಡಬಹುದು.

ಬಂದ ಮೇಲೆ ಆಲ್ಕಲೈನ್ ಸೆಲ್ಲುಗಳನ್ನು ಟಾರ್ಚಿನಲ್ಲೇ ಬಿಡಬೇಡಿ, ತಿಂಗಳುಗಟ್ಟಲೆ ಇದ್ದರೆ ಸೋರಿ ಸ್ಪ್ರಿಂಗನ್ನೇ ತಿಂದುಹಾಕುತ್ತವೆ. ತೆಗೆದು, ಟಾರ್ಚಿನ ಜೊತೆಯಲ್ಲೇ ಒಂದು ಕವರಿನಲ್ಲಿ ಕಟ್ಟಿಡಿ. ಹೊರಡುವ ಹಿಂದಿನ ರಾತ್ರಿ ಹುಡುಕಾಟ ತಪ್ಪುತ್ತದೆ.