‘ಸರಿ ಸರ್’ ಅಂದರೆ ನನಗೆ ಭಯ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮೊದಲ ಮಹಡಿಯ ಪುಟ್ಟ ಆಫೀಸು ನಮ್ಮದು. ಹನ್ನೊಂದು ಜನ ಇಂಜಿನಿಯರುಗಳು, ಕೊಬ್ಬರಿ ಮತ್ತು ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಬೆಂಗಳೂರು ಎಪ್ಪತ್ತು ಕಿಲೋಮೀಟರ್. ನಮ್ಮ ಹುಡುಗರು ಕೆಲಸ ಬಿಡೋದಕ್ಕೆ ಊರು ಬಿಡಬೇಕಾಗಿಲ್ಲ, ಯಶವಂತಪುರಕ್ಕೆ ಒಂದು ಟ್ರೈನ್ ಪಾಸ್ ಮಾಡಿಸಿದರೆ ಸಾಕು.

ಒಂದೇ ವರ್ಷದಲ್ಲಿ ನಾಲ್ವರು ಪಾಸ್ ಮಾಡಿಸಿದರು.

ಎಲ್ಲ ದುಡ್ಡಿನ ಮಹಿಮೆ ಅಂದುಕೊಂಡೆ. ಐದನೆಯವನು ರಾಜೀನಾಮೆ ಕಳಿಸಿದ ಸಂಜೆಯೇ ಸಂಬಳ ಮೂವತ್ತು ಪರ್ಸೆಂಟ್ ಏರಿಸಿದೆ. ಉಳಿದುಕೊಂಡ. ಆದರೆ ಕ್ಯಾತ್ಸಂದ್ರದಲ್ಲಿ ಒಟ್ಟಿಗೆ ಕೂತು ತಟ್ಟೆ ಇಡ್ಲಿ ತಿನ್ನೋರ ನಡುವೆ ಯಾರ ಸಂಬಳ ಗುಟ್ಟಾಗಿ ಉಳಿದೀತು? ಮುಂದಿನ ತಿಂಗಳು ಇನ್ನಿಬ್ಬರು ಆಫರ್ ಲೆಟರ್ ಹಿಡಿದು ಬಂದರು. ತಪ್ಪು ಅವರದಲ್ಲ. ಇಲ್ಲಿ ಸಂಬಳ ಏರಬೇಕಾದರೆ ಮೊದಲು ರಾಜೀನಾಮೆ ಬರೀಬೇಕು ಅಂತ ನಾನೇ ಪಾಠ ಹೇಳಿಕೊಟ್ಟಿದ್ದೆ.

ಉಳಿದುಕೊಂಡವನೂ ಏಳು ತಿಂಗಳಿಗೆ ಹೊರಟ. ಅವನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ತುಂಬಿತ್ತು. ‘ಇನ್ನೊಂದು ವರ್ಷ ಇದ್ರೆ ಗ್ರಾಚ್ಯುಟಿ ಬರುತ್ತಲ್ಲೋ’ ಅಂದೆ. ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು ಅನ್ನೋ ಲೆಕ್ಕ ಅವನಿಗೆ ತಿಳಿಯದ್ದೇನಲ್ಲ. ‘ಗೊತ್ತು ಸರ್’ ಅಂದ, ಅಷ್ಟೆ.

ಆ ‘ಗೊತ್ತು ಸರ್’ ಚುಚ್ಚಿತು. ಅವತ್ತು ರಾತ್ರಿ ಕೂತು ಅವನ ಹಳೆಯ ಕೋಡ್ ರಿವ್ಯೂಗಳನ್ನೆಲ್ಲ, ಅಂದರೆ ಬೇರೆಯವರ ಕೋಡ್ ಓದಿ ಬರೆದ ಕಾಮೆಂಟುಗಳನ್ನೆಲ್ಲ, ತೆಗೆದು ಓದಿದೆ. ಎರಡು ವರ್ಷದ ಹಿಂದೆ ನನ್ನ ಜೊತೆ ಭರ್ಜರಿ ಜಗಳ ಆಡಿದ್ದ. ತೂಕ, ದುಡ್ಡು ಎರಡನ್ನೂ ಫ್ಲೋಟ್‌ನಲ್ಲಿ ಇಡಬೇಡಿ, ಡೆಸಿಮಲ್ ಮಾಡಿ ಅಂತ. ಫ್ಲೋಟ್ ಅಂದರೆ ಸಂಖ್ಯೆಯನ್ನು ಸೊನ್ನೆ-ಒಂದರಲ್ಲಿ, ಎರಡರ ಲೆಕ್ಕದಲ್ಲಿ ಇಡೋದು; ಡೆಸಿಮಲ್ ಅಂದರೆ ನಾವು ಬರೆಯೋ ಹಾಗೆ ಹತ್ತರ ಲೆಕ್ಕದಲ್ಲೇ ಇಡೋದು. 0.1ನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಕರಾರುವಾಕ್ಕಾಗಿ ಹಿಡಿಯಲಾರದು. ಸಾವಿರಾರು ಚೀಲ ಕೂಡಿದಾಗ ಪೈಸೆ ಆಚೀಚೆ ಆಗಬಹುದು. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ‘ಈಗ ಟೈಮಿಲ್ಲ, ಆಮೇಲೆ ನೋಡೋಣ’ ಅಂತ ಬಾಯಿ ಮುಚ್ಚಿಸಿದ್ದೆ. ಅಲ್ಲಿಂದಾಚೆ ಅವನ ಕಾಮೆಂಟುಗಳು ಮೋಟಾಗುತ್ತ ಹೋಗಿವೆ. ಮೊದಲು ಪ್ಯಾರಾಗಟ್ಟಲೆ, ಆಮೇಲೆ ಒಂದು ಸಾಲು, ಕೊನೆಗೆ ಬರೀ ‘ಸರಿ ಸರ್’. ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದು ಆಗಷ್ಟೆ. ಮನಸ್ಸಿನಿಂದ ಮನುಷ್ಯ ಹೋಗಿ ಆಗಲೇ ವರ್ಷದ ಮೇಲಾಗಿತ್ತು.

ವಿಲಿಯಂ ಕಾಹ್ನ್ ಎಂಬ ಅಮೆರಿಕದ ಸಂಶೋಧಕರು 1990ರಲ್ಲೇ ಇದನ್ನು ಬರೆದಿದ್ದಾರೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಮಕ್ಕಳ ಬೇಸಿಗೆ ಶಿಬಿರದಲ್ಲಿ ದುಡಿಯುವವರನ್ನು, ಒಂದು ವಾಸ್ತುಶಿಲ್ಪ ಕಚೇರಿಯವರನ್ನು ಹತ್ತಿರದಿಂದ ನೋಡಿ ಅವರು ಕಂಡುಕೊಂಡದ್ದು: ಕೆಲಸದಲ್ಲಿ ಮನಸ್ಸಿಡಲು ಮೂರು ಬೇಕು. ಮಾಡಿದ್ದಕ್ಕೆ ಅರ್ಥ ಇರಬೇಕು, ಅನಿಸಿದ್ದನ್ನು ಹೆದರದೆ ಹೇಳುವಂತಿರಬೇಕು, ಮೈಮನಸ್ಸಿನಲ್ಲಿ ಕಸುವು ಉಳಿದಿರಬೇಕು. ಎರಡನೆಯದನ್ನು ನಾನೇ ಕೈಯಾರೆ ಹಾಳುಮಾಡಿದ್ದೆ.

ಸಂಬಳದ ವಿಷಯ ಬೇಗ ಮುಗಿಸಿದೆ. ಏಪ್ರಿಲ್‌ನಲ್ಲಿ ಮಾರುಕಟ್ಟೆ ನೋಡಿ ಎಲ್ಲರಿಗೂ ಒಟ್ಟಿಗೆ ಪರಿಷ್ಕರಣೆ. ರಾಜೀನಾಮೆ ಕೊಟ್ಟ ಮೇಲೆ ಚೌಕಾಸಿ ಇಲ್ಲ.

ಮಾತಾಡಿಸೋದು ಕಷ್ಟವಾಯಿತು. ಕ್ಯಾಬಿನ್‌ಗೆ ಕರೆದು ಕೇಳಿದರೆ ‘ಎಲ್ಲ ಚೆನ್ನಾಗಿದೆ ಸರ್’. ಗಾಜಿನ ಗೋಡೆಯಾಚೆ ಹತ್ತು ಕಣ್ಣು ನೋಡುವಾಗ ಇನ್ನೇನು ಹೇಳಿಯಾರು! ಅಮಾನಿಕೆರೆಯ ಏರಿ ಮೇಲೆ ಒಬ್ಬೊಬ್ಬರ ಜೊತೆ ನಡೆಯೋಕೆ ಶುರು ಮಾಡಿದೆ. ಪ್ರಶ್ನೆಯನ್ನೂ ಬದಲಿಸಿದೆ: ‘ಈ ತಿಂಗಳು ನಿನ್ನ ಯಾವ ಮಾತನ್ನು ನಾನು ತಳ್ಳಿಹಾಕಿದೆ?’ ಗುಬ್ಬಿಯ ಹುಡುಗಿಯೊಬ್ಬಳು ಎರಡು ಸುತ್ತು ಸುಮ್ಮನೆ ನಡೆದು ಮೂರನೆಯ ಸುತ್ತಿಗೆ ಹೇಳಿದಳು: ‘ರಾತ್ರಿ ಮಂಡಿಯವರ ಫೋನು ಯಾವಾಗ್ಲೂ ನಂಗೇ ಬರುತ್ತೆ ಸರ್. ಬೇಗ ಸರಿಮಾಡಿಕೊಡೋದೇ ನನ್ನ ತಪ್ಪಾ?’ ಮರುವಾರದಿಂದ ರಾತ್ರಿ ಫೋನಿಗೆ ಸರದಿ ಬಂತು, ನನ್ನನ್ನೂ ಸೇರಿಸಿ. ನನ್ನ ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರು ಪ್ರಿಂಟರ್ ಕೆಟ್ಟಿದೆ ಅಂತ ಎಬ್ಬಿಸಿದರು. ಪ್ರಿಂಟರ್‌ನ ಪ್ಲಗ್ ಹಾಕಿರಲಿಲ್ಲ.

ಆಮೇಲೆ ಇಬ್ಬರನ್ನು ತಿಪಟೂರಿನ ಕೊಬ್ಬರಿ ಮಂಡಿಗೆ ಕರೆದುಕೊಂಡು ಹೋದೆ. ತಾವು ಬರೆದ ಸಾಫ್ಟ್‌ವೇರ್ ಬಳಸುವವರ ಮುಖವನ್ನೇ ಅವರು ನೋಡಿರಲಿಲ್ಲ. ಅಲ್ಲಿನ ಗುಮಾಸ್ತರು ಡ್ರಾಯರ್‌ನಿಂದ ಒಂದು ಉದ್ದ ನೋಟ್‌ಬುಕ್ ತೆಗೆದರು. ‘ನಿಮ್ದು ಪೈಸೆ ಕೂಡಲ್ಲ ಕಣ್ರಪ್ಪಾ, ದಿನಾ ಸಂಜೆ ನಾನು ಇದ್ರಲ್ಲಿ ಬರ್ಕೊಂಡು ಸರಿಮಾಡ್ಕೊತೀನಿ’ ಅಂದರು. ಎರಡು ವರ್ಷದ ನಮ್ಮ ಫ್ಲೋಟು ಅವರ ದುಂಡು ಅಕ್ಷರದಲ್ಲಿತ್ತು. ವಾಪಸ್ ಬರುವಾಗ ಕಾರಿನಲ್ಲೇ ಹುಡುಗರು ಡೆಸಿಮಲ್‌ಗೆ ಬದಲಿಸುವ ಪ್ಲಾನ್ ಹಾಕಿದರು. ಮೂರು ವಾರದಲ್ಲಿ ಮುಗಿಸಿದರು, ನಾನು ಒಂದು ಸಲವೂ ಬೆನ್ನುಹತ್ತಲಿಲ್ಲ. ಬಿಟ್ಟುಹೋದವನಿಗೆ ಫೋನ್ ಮಾಡಿ ಹೇಳಿದೆ. ‘ಈಗಲಾದ್ರೂ ಆಯ್ತಲ್ಲ ಬಿಡಿ ಸರ್’ ಅಂತ ನಕ್ಕ.

ಈ ವರ್ಷವೂ ಒಬ್ಬ ಹೋದ. ಅವನಿಗೆ ಮೆಷಿನ್ ಲರ್ನಿಂಗ್ ಬೇಕಿತ್ತು, ನಮ್ಮಲ್ಲಿ ಅದಿಲ್ಲ; ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ. ನೋಟಿಸ್ ಪೀರಿಯಡ್‌ನ ಕೊನೆಯ ಮಧ್ಯಾಹ್ನ, ಬೀಳ್ಕೊಡುಗೆಯ ಕೇಕ್ ಬರೋದಕ್ಕೆ ಹತ್ತು ನಿಮಿಷ ಇರುವಾಗ, ನನ್ನ ಕೋಡಿನ ಕೆಳಗೆ ಅವನ ಕಾಮೆಂಟ್ ಬಂತು: ‘ಇದು ತಪ್ಪು ಸರ್, ಒಪ್ಪೋಕಾಗಲ್ಲ.’