ಹಗುರ ಕ್ಲ್ಯಾಂಪಿಗಾಗಿ ನಾನು ಕಳೆದ ಹಣ

ಶಿರಸಿಯಲ್ಲಿ ಅಚ್ಚನ್ನು 120 ಟನ್ ಬಲದಲ್ಲಿ ಮುಚ್ಚಿ ಹಿಡಿದು ಕರಗಿದ ಪ್ಲಾಸ್ಟಿಕ್ ತುಂಬುವ ಒಂದೇ ಇಂಜೆಕ್ಷನ್ ಮೆಷಿನ್ ಇಟ್ಟುಕೊಂಡು, ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪನ್ನು ಗೂಟಕ್ಕೆ ಹಿಡಿದಿಡುವ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಕ್ಲ್ಯಾಂಪ್ ಮಾಡುತ್ತಿರುವ ನನಗೆ ಮೊದಲ ಎರಡು ವರ್ಷ ಬಂದ ದುಡ್ಡೆಲ್ಲ ಸಾಲದ ಕಂತಿಗೇ ಹೋಯಿತು. ಗೋಡೆಯ ದಪ್ಪ 4.5 ಮಿ.ಮೀ., ತೂಕ ಸುಮಾರು 31 ಗ್ರಾಂ, ಒಂದು ಸಲಕ್ಕೆ ಎರಡು ಕ್ಲ್ಯಾಂಪ್ ಕೊಡುವ ಎರಡು ಕ್ಯಾವಿಟಿಯ ಮೋಲ್ಡಿನಲ್ಲಿ (ಅಚ್ಚಿನಲ್ಲಿ) ಒಂದು ಸುತ್ತಿಗೆ, ಅಂದರೆ ಸೈಕಲ್‌ಗೆ, 55 ಸೆಕೆಂಡಿನ ಆಸುಪಾಸು. ಇಷ್ಟಾದರೂ ಬುಡದಲ್ಲಿ ಸಿಂಕ್ ಮಾರ್ಕ್, ಅಂದರೆ ತಣಿಯುವಾಗ ಕುಗ್ಗಿದ ಗುಳಿ, ಬೀಳುತ್ತಿತ್ತು. ತುಂಬಿದ ಮೇಲಿನ ಒತ್ತಡವನ್ನು (ಹೋಲ್ಡ್ ಪ್ರೆಶರ್) ಏರಿಸಿದರೆ ಅಂಚಿನಲ್ಲಿ ತೆಳು ಸಿಪ್ಪೆ (ಫ್ಲ್ಯಾಶ್) ಬರುತ್ತಿತ್ತು.

ದಪ್ಪ ಇಮ್ಮಡಿಯಾದರೆ ತಣಿಯುವ ಸಮಯ ನಾಲ್ಕು ಪಟ್ಟಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗಿರಾಕಿ ಕೈಯಲ್ಲಿ ತೂಗಿ ನೋಡಿ ಕೊಳ್ಳುವ ವಸ್ತುವನ್ನು ತೆಳ್ಳಗೆ ಮಾಡುವ ಧೈರ್ಯವಿರಲಿಲ್ಲ. ಕೊನೆಗೆ ಗೋಡೆಯನ್ನು 2.2 ಮಿ.ಮೀ.ಗೆ ಇಳಿಸಿ, ಒಳಗಡೆ 1.2 ಮಿ.ಮೀ.ನ ಮೂರು ರಿಬ್ (ಬಲ ಕೊಡುವ ಏಣು) ಕೊಟ್ಟೆ. ನಕ್ಷೆ ನೋಡಿದ ಹುಬ್ಬಳ್ಳಿಯ ಮೋಲ್ಡ್ ತಯಾರಕರು, "ಮುರಿದರೆ ನನ್ನ ಹೆಸರು ಹೇಳಬೇಡಿ" ಎಂದರು. ಪೇಟೆಯ ಅಂಗಡಿಯ ಹೆಗಡೇರು ಸ್ಯಾಂಪಲ್ ಕೈಗೆತ್ತಿಕೊಂಡು, "ಹಗೂರ ಇದ್ದಲಾ ತಮಾ, ತಡಿತ್ತಾ?" ಎಂದು ಕೇಳಿದರು.

ನಿಜವಾಗಿ ನನ್ನನ್ನು ಕಾಡಿದ್ದು ತೆಳುತನವಲ್ಲ, ಕ್ಲ್ಯಾಂಪಿನ ಕೊಕ್ಕೆ. ಕ್ಲ್ಯಾಂಪನ್ನು ಮೋಲ್ಡಿನಿಂದ ನೇರ ಹೊರಬರಲು ಬಿಡದ ಅದರ ಅಂಡರ್‌ಕಟ್ಟಿಗೆ ಪಕ್ಕಕ್ಕೆ ಸರಿಯುವ ಸೈಡ್ ಕೋರ್ ಹಾಕಿದರೆ ಮೋಲ್ಡಿನ ಬೆಲೆ 70,000 ರೂಪಾಯಿಯಷ್ಟು ಏರುತ್ತಿತ್ತು. ಆದ್ದರಿಂದ ಕೊಕ್ಕೆಯ ನೇರ ಕೆಳಗೆ ಗೋಡೆಯಲ್ಲಿ ಚೌಕ ತೂತು ಬಿಟ್ಟು, ಮೋಲ್ಡಿನ ಒಂದು ಅರ್ಧವಾದ ಕೋರ್ ಅದರ ಮೂಲಕ ಹಾದು ಎದುರಿನ ಅರ್ಧವಾದ ಕ್ಯಾವಿಟಿಗೆ ತಾಗುವಂತೆ ಮಾಡಿದೆ. ಉಳಿದ ಗೋಡೆಗಳಿಗೆ ಕೊಟ್ಟ 1 ಡಿಗ್ರಿ ಓರೆಯನ್ನೇ (ಡ್ರಾಫ್ಟ್) ಆ ತಾಗುವ ಮುಖಕ್ಕೂ ಕೊಟ್ಟದ್ದು ನನ್ನ ದಡ್ಡತನ. ಸುಮಾರು ಆರು ಸಾವಿರ ಸಲ ಮೋಲ್ಡ್ ತುಂಬಿ ತೆರೆಯುವಷ್ಟರಲ್ಲಿ ಉಕ್ಕಿಗೆ ಉಕ್ಕು ಉಜ್ಜಿ ಅಂಚು ಸವೆದು, ಪ್ರತಿ ಕೊಕ್ಕೆಯ ಬಾಯಲ್ಲೂ ಸಿಪ್ಪೆ ಬರತೊಡಗಿತು. ವೆಲ್ಡ್ ಮಾಡಿಸಿ, ಗ್ರೈಂಡ್ ಮಾಡಿಸಿ, 5 ಡಿಗ್ರಿಗೆ ತರುವಷ್ಟರಲ್ಲಿ 28,000 ರೂಪಾಯಿಯೂ ಇಪ್ಪತ್ತು ದಿನವೂ ಹೋದವು. ಅದೂ ತೋಟಕ್ಕೆ ನೀರು ಬಿಡುವ ಫೆಬ್ರವರಿಯಲ್ಲಿ, ಅಂಗಡಿಯವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾಗ.

ಮೋಲ್ಡ್ ಹುಬ್ಬಳ್ಳಿಯಲ್ಲಿದ್ದ ಆ ದಿನಗಳಲ್ಲಿ ಸುಮ್ಮನಿರಲಾರದೆ, ಅಡಿಕೆ ಸಿಪ್ಪೆಯ ಪುಡಿಯನ್ನು ಪಿಪಿಗೆ ಬೆರೆಸಿ ಇನ್ನೊಂದು ಹಳೆಯ ಮೋಲ್ಡಿನಲ್ಲಿ ಹೊಡೆದು ನೋಡಿದೆ. ಒಣಗಿಸಿದ್ದು ಸಾಲದೆ ಬೆಳ್ಳಿ ಗೆರೆಗಳು ಬಂದವು. ಪ್ಲಾಸ್ಟಿಕ್ ಕರಗುವ ಬ್ಯಾರಲ್ 210 ಡಿಗ್ರಿಯಲ್ಲಿದ್ದುದರಿಂದ ನಾರು ಸೀದು ಶೆಡ್ಡೆಲ್ಲ ವಾಸನೆಯಾಯಿತು. ಮೂವತ್ತು ಕೆ.ಜಿ. ಮಾಲು ಹಾಳಾಯಿತು.

ಈಗ ಕ್ಲ್ಯಾಂಪಿನ ತೂಕ 19 ಗ್ರಾಂ, ಸೈಕಲ್ 26 ಸೆಕೆಂಡ್. ಕರೆಂಟು ಕೈಕೊಡದಿದ್ದರೆ ಎಂಟು ಗಂಟೆಗೆ ಎರಡು ಸಾವಿರ ದಾಟುತ್ತದೆ. ಮೊದಲು ಸಾವಿರಕ್ಕೇ ಉಸಿರು ಹೋಗುತ್ತಿತ್ತು. ಸಾವಿರ ಕ್ಲ್ಯಾಂಪಿಗೆ 12 ಕೆ.ಜಿ. ಪಿಪಿ ಉಳಿಯುತ್ತದೆ, ಅಂದರೆ ನಾನು ಕೊಳ್ಳುವ ದರದಲ್ಲಿ 1,200 ರೂಪಾಯಿಗೆ ಕಡಿಮೆಯಿಲ್ಲ. ಬಿಸಿಲು ತಡೆಯಲು ಬೆರೆಸುವ ಕಪ್ಪು ಬಣ್ಣದ ಮಾಸ್ಟರ್‌ಬ್ಯಾಚಿನಲ್ಲಿ ಮಾತ್ರ ಜಿಪುಣತನ ಮಾಡಿಲ್ಲ, ಬಿಸಿಲಿಗೆ ಪಿಪಿ ಬಿರಿಯುವುದನ್ನು ಮೊದಲೇ ಕಂಡವನು ನಾನು.

ಎರಡು ಬೇಸಿಗೆ ಕಳೆದರೂ ಮುರಿದು ವಾಪಸು ಬಂದವು ಹತ್ತರೊಳಗೆ. ಕೊಕ್ಕೆಯ ಬುಡದಲ್ಲಿ ಪ್ಲಾಸ್ಟಿಕ್ಕಿನ ಎರಡು ಹರಿವು ಕೂಡುವ ದುರ್ಬಲ ಗೆರೆ (ವೆಲ್ಡ್ ಲೈನ್) ಬೀಳದಂತೆ, ಅದು ಒಳಹೊಕ್ಕುವ ಗೇಟನ್ನು ಎಲ್ಲಿ ಇಟ್ಟೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ತಿಳಿದ ಹುಬ್ಬಳ್ಳಿಯವರು ಈಗ ನನ್ನ ನಾಲ್ಕು ಕ್ಯಾವಿಟಿಯ ಮೋಲ್ಡ್ ಮಾಡುತ್ತಿದ್ದಾರೆ, ಈ ಸಲ ಅವರ ಹೆಸರನ್ನೂ ಅದರ ಮೇಲೆ ಕೊರೆಯುತ್ತಾರಂತೆ.