ಅಟ್ಟ ಕೋಣೆಯಾಗುವ ಮುನ್ನ ಹೆಂಚಿನಡಿ ಗಾಳಿಗೆ ದಾರಿ

ಮಡಗಾಂವಿನ ಪರಿಚಿತರೊಬ್ಬರು ಮಗಳ ಓದಿಗೆಂದು ಹೆಂಚಿನ ಮನೆಯ ಅಟ್ಟವನ್ನು ಎಸಿ ಕೋಣೆಯಾಗಿಸಿದ್ದರು. ಮಳೆಗಾಲ ಕಳೆದು ಪ್ಲೈ ಹಲಗೆ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಬಿಸಿ ತಡೆಯಲೆಂದು ಒಳಗೆ ತುಂಬಿದ್ದ ಗಾಜಿನ ನಾರಿನ ಗ್ಲಾಸ್‌ವೂಲ್ ನೆನೆದ ಹಾಸಿಗೆಯಂತೆ ಜೋತುಬಿದ್ದಿತ್ತು. ಹೆಂಚು ಹೊರುವ ಪಕ್ಕಾಸಿನ ಮೈತುಂಬ ಕರಿ ಬೂಷ್ಟು. ಗೋವೆಯಲ್ಲಿ ಮಾಡಿಗೆ ಬಿಸಿಲಿಗಿಂತ ದೊಡ್ಡ ಶತ್ರು ನೀರು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಊರಿದು.

ಮೊದಲಿಗೆ, ಅಟ್ಟದ ತೊಲೆಗಳು ಜನರ ಭಾರ ಹೊರುತ್ತವೆಯೇ ಎಂದು ಎಂಜಿನಿಯರರಿಂದ ಪರೀಕ್ಷಿಸಿ, ಗೆದ್ದಲು ಹಿಡಿದ ಪಕ್ಕಾಸು ಬದಲಿಸಿ.

ಎರಡನೆಯದು ಗಾಳಿಸಂದು; ಹೆಚ್ಚಿನವರು ಎಡವುವುದೇ ಇಲ್ಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ತಯಾರಿಸಿದ ಹೆಂಚಿನ ಗುಣವೇ ಅದರ ಜೋಡಣೆಯಲ್ಲಿ ಉಸಿರಾಡುವ ಸಂದುಗಳು. ಅವುಗಳಿಂದ ಬಿಸಿ ಹೊರಹೋಗುತ್ತದೆ, ನೆನೆದ ಹೆಂಚು ಒಣಗುತ್ತದೆ. ಗಾಳಿಮಳೆಗೆ ಹನಿಗಳು ಒಳಗೂ ಬರುತ್ತವೆ. ಆದ್ದರಿಂದ ಹೆಂಚು ಇಳಿಸಿ, ಪಕ್ಕಾಸಿನ ಮೇಲೆ ಜಲನಿರೋಧಕ ಹಾಳೆ ಹಾಸಿ. ಅದರ ಮೇಲೆ ಪಕ್ಕಾಸಿನ ಉದ್ದಕ್ಕೇ 40 ಮಿಲಿಮೀಟರ್ ದಪ್ಪದ ಮರದ ಪಟ್ಟಿ, ಅದರ ಮೇಲೆ ಅಡ್ಡಲಾಗಿ ರೀಪು, ಕೊನೆಗೆ ಹೆಂಚು. ಒಳಬಂದ ಹನಿ ಹಾಳೆಯ ಮೇಲೆ ಜಾರಿ ಸೂರಿನಾಚೆ ಬೀಳಬೇಕು. ಸೂರಿನಲ್ಲೂ ಮಾಡಿನ ನೆತ್ತಿಯಲ್ಲೂ ಗಾಳಿಗೆ ಬಾಯಿ ಬಿಟ್ಟು, ಇಲಿ ಬಾವಲಿ ನುಗ್ಗದಂತೆ ಸ್ಟೀಲ್ ಜಾಲರಿ ಹೊಡೆಸಿ. ಹೆಂಚು ಇಳಿಸದೆ ಒಳಗಿನಿಂದಲೇ ಮುಗಿಸಿಕೊಡುತ್ತೇನೆ ಎನ್ನುವ ಮೇಸ್ತ್ರಿಯ ಮಾತಿಗೆ ಒಪ್ಪಲೇಬೇಡಿ.

ಗುಳ್ಳೆಗಳಿರುವ ಹೊಳೆಯುವ ಹಾಳೆಯ ಸುರುಳಿಯನ್ನೇ ಹೆಂಚಿಗೆ ಒತ್ತಿ ಅಂಟಿಸುವುದು ಈಗಿನ ಅಗ್ಗದ ದಾರಿ. ಅಲ್ಯೂಮಿನಿಯಂ ಹೊಳಪು ಬಿಸಿಯನ್ನು ತಡೆಯುವುದು ಎದುರಿಗೆ ಗಾಳಿಯ ಸಂದಿದ್ದರೆ ಮಾತ್ರ. ಹೆಂಚಿಗೇ ತಾಗಿದರೆ ಆ ಹಣ ದಂಡ.

ಮೂರನೆಯದು ಬಿಸಿ ತಡೆಯುವ ನಿರೋಧಕದ ಆಯ್ಕೆ. ನನ್ನ ಮತ ಪಕ್ಕಾಸುಗಳ ನಡುವೆ ಬಿಗಿಯಾಗಿ ಕೂರುವ 50 ಮಿಲಿಮೀಟರ್ ಎಕ್ಸ್‌ಪಿಎಸ್ ಹಲಗೆಗೆ, ಅಂದರೆ ನೀರು ಅಷ್ಟಾಗಿ ಹೀರದ ಗಟ್ಟಿ ಫೋಮ್‌ಗೆ. ಬಿಸಿ ತಡೆಯುವುದರಲ್ಲಿ ಕಲ್ಲಿನ ನಾರಿನ ರಾಕ್‌ವೂಲ್ ತೀರಾ ಹಿಂದೇನಿಲ್ಲ, ಅದಕ್ಕೆ ಬೆಂಕಿಯೂ ಹತ್ತುವುದಿಲ್ಲ. ಆದರೆ ಒಮ್ಮೆ ನೆನೆದರೆ ನಮ್ಮ ಮಳೆಗಾಲದಲ್ಲಿ ಒಣಗುವುದು ಕಷ್ಟ. ಪ್ಯಾಕಿಂಗ್‌ಗೆ ಬರುವ ಥರ್ಮೋಕೋಲ್ ಬೇಡವೇ ಬೇಡ, ಇರುವೆ ಗೂಡು ಕಟ್ಟುತ್ತದೆ. ಎಕ್ಸ್‌ಪಿಎಸ್ ಉರಿಯುವ ವಸ್ತುವಾದ್ದರಿಂದ ಕೋಣೆಯ ಕಡೆಗೆ ಸಿಮೆಂಟ್ ಬೋರ್ಡ್ ಹೊದಿಸಿ, ವಿದ್ಯುತ್ ತಂತಿಗಳನ್ನು ಪೈಪಿನೊಳಗೇ ಎಳೆಸಿ.

ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಹಾಕಿಸಬೇಡಿ. ಚಳಿ ದೇಶಗಳಲ್ಲಿ ಕೋಣೆಯ ತೇವ ಹೊರಗೆ ಹೋಗುತ್ತದೆ, ಅಲ್ಲಿಗೆ ಅದು ಸರಿ. ಇಲ್ಲಿ ಎಸಿ ಹಾಕಿದ ಕೋಣೆಗೆ ತೇವ ಹೊರಗಿನಿಂದ ಬರುತ್ತದೆ. ತಣ್ಣನೆಯ ಪ್ಲಾಸ್ಟಿಕ್‌ಗೆ ತಾಗಿ ಅದರ ಬೆನ್ನಿನಲ್ಲೇ ನೀರಾಗುತ್ತದೆ. ಮಡಗಾಂವಿನ ಆ ಅಟ್ಟದಲ್ಲಿ ಆದದ್ದು ಇದೇ.

ಬೋರ್ಡ್ ಹೊಡೆಸಲು ಅವಸರ ಬೇಡ. ಜೂನ್‌ನ ಮೊದಲ ಜೋರು ಮಳೆಗೆ ಟಾರ್ಚ್ ಹಿಡಿದು ಅಟ್ಟ ಹತ್ತಿ, ಒಂದೊಂದೇ ಪಕ್ಕಾಸನ್ನು ಕೈಯಿಂದ ಸವರಿ ನೋಡಿ. ಎಲ್ಲವೂ ಒಣಗಿದ್ದರೆ ಬಡಗಿಯನ್ನು ಕರೆಯಿರಿ.